ಡಬ್ಬಿ ಲೆಕ್ಕ

ನನಗ ಅಕ್ಷರ ಬರೋದಿಲ್ರಿ. ಎಣಿಸೋದು ಬರ್ತದ.
ಸುರಪುರದ ದಾರಿಗೆ, ಕೆರಿ ಏರಿಮ್ಯಾಲ ನಿಸರ್ಗ ಕೇಂದ್ರ ಅದ.
ಅಲ್ಲಿ ಕಸ ಹೊಡಿಯೋಕಿ ನಾನು, ದ್ಯಾವಮ್ಮ.
ಮೊದಲದು ತೂಬು ಕಾಯೋರ ಕೋಣಿ.
ಬಾವಲಿ ಆಗಲೇ ಒಳಗಿದ್ದವು,
ನಾವು ಆಮ್ಯಾಲ ಬಂದವರು.

ಮಿರಗ ಕೂಡಿ ಒಂದು ಹದ ಮಳಿ ಬಿತ್ತಂದ್ರ
ಕರಿ ಹೊಲದಾಗ ಕೆಂಪು ಮಕಮಲ್ಲಿನ ಹುಳ.
ಶಾಲಿ ಹುಡುಗರು ಕಡ್ಡಿಪೆಟ್ಟಿಗ್ಯಾಗ ಹಿಡಕೊಂಡು ಬರ್ತಾರ.
ಮೈಮೂನಾ ಮೇಡಂ ಭೂತಗನ್ನಡಿ ಕೊಟ್ಟು
"ಕಾಲೆಷ್ಟು? ನೋಡಿ ಹೇಳ್ರಿ" ಅಂತಾರ.
ಎಂಟು ಅಂದವಗ ಒಂದು ಪೆನ್ಸಿಲ್.
ಸಂಜಿಗೆ ಎಲ್ಲಾ ಹುಳ ತಂದಲ್ಲೇ ಬಿಡಬೇಕು.
ಮೌನೇಶ ಒಂದನ್ನ ಮುಚ್ಚಿಟ್ಟಿರ್ತಾನ.
ಕಿಸೆಮ್ಯಾಲ ಕೈಯಿಟ್ಟು ನಡಿಯೋ ಹುಡುಗನ್ನ
ನಾನು ಹಿಂದಿಂದ ನೋಡಿದ್ರೂ ಗುರ್ತು ಹಿಡಿತೀನಿ.

ಗೌರಿ ಹುಣ್ಣಿವಿ ದಾಟಿ ಒಂದಿನ ನಸಕಿನ್ಯಾಗ
ಕಸಬರಗಿ ಕೈಯಾಗೇ ಇರ್ತದ,
ಮುಗಲಿನ್ಯಾಗ ಯಾರೋ ಹಳೇ ಬಾಗಲಾ ತೆಗದಂಗ ಸಪ್ಪಳ.
ಪಟ್ಟಿತಲಿ ಹೆಬ್ಬಾತು.
ಹಿಮದ ಗುಡ್ಡ ದಾಟಿ ಬರ್ತಾವಂತ, ಮೇಡಂ ಹೇಳಿದ್ದು.
ನನಗ ಗುಡ್ಡ ಅಂದ್ರ ಸುರಪುರದ ಗುಡ್ಡ,
ಹಿಮ ಅಂದ್ರ ಐಸ್ ಕ್ಯಾಂಡಿಯವನ ಪೆಟ್ಟಿಗಿ.

ಹತ್ತು ಹಕ್ಕಿಗೆ ಒಂದು ಹುಣಸಿ ಬೀಜ,
ಡಾಲ್ಡಾ ಡಬ್ಬ್ಯಾಗ ಟಣ್ ಅಂತ ಹಾಕೋದು.
ಮೇಡಂ ದುರ್ಬೀನು ಹಿಡದು ಎಣಿಸಿ ರಿಜಿಸ್ಟರಿನ್ಯಾಗ ಬರೀತಾರ.
ನಡುವ ಹಕ್ಕಿ ಎದ್ದು ಕೂತ್ರ ಅವರ ಲೆಕ್ಕ ತಪ್ತದ,
ನನ್ನ ಕಡೆ ನೋಡ್ತಾರ.
ನಾನು ಡಬ್ಬಿ ಅಲುಗಾಡಸ್ತೀನಿ.

ಹೆಬ್ಬಾತು ರಾತ್ರಿ ಮೇಯ್ತಾವ. ಎಲ್ಲಿ?
ಹಯ್ಯಾಳಪ್ಪನ ಕಡ್ಲಿ ಹೊಲದಾಗ.
ಎಳ್ಳಮಾಸಿ ದಿನ ನಮ್ಮನ್ನೆಲ್ಲಾ ಹೊಲಕ್ಕ ಕರದು
ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಬಡಿಸಿ,
ನಾವು ಕೈ ತೊಳಿಯೋ ಹೊತ್ತಿಗೆ ಕೇಳಿದ:
"ನಾಕೂ ದಿಕ್ಕಿಗೆ ಚರಗ ಚೆಲ್ಲೀನಿ, ಅದು ಸಾಲಲಿಲ್ಲೇನ್ರಿ
ನಿಮ್ಮ ಬಾತುಗೋಳಿಗೆ?"
ಯಾರೂ ಮಾತಾಡಲಿಲ್ಲ.
ಮರುದಿನದಿಂದ ದೊಡ್ಡ ಹುಡುಗರು ಪಾಳಿ ಹಚ್ಚಿ
ಕಂದೀಲು ಹಿಡದು ಅವನ ಬದುವಿನಮ್ಯಾಲ ಕೂತರು.
ಓಡಸೋಕ ಹೋದವರು ನೋಡಕೋತ ಕೂತರಂತ,
ಹಯ್ಯಾಳಪ್ಪನೂ ಕೂತನಂತ. ಕಡ್ಲಿ ಹೋತು, ಅರ್ಧ.

ಬ್ಯಾಸಿಗ್ಯಾಗ ಕೆರಿ ಅಂದ್ರ ಬಿರುಕು ಬಿಟ್ಟ ನೆಲ,
ನಡುವ ಒಂದು ಗುಂಡಿ ನೀರು, ಒಂದೇ ಒಂದು ಕೊಕ್ಕರಿ.
ಮಡಕಿಗೆ ನೀರು ತುಂಬೋದು, ಪಾಯಖಾನಿಯೊಳಗಿನ ಕೇರಿಹಾವು
ಹೊರಗ ಬರೂತನ ನಿಂತು ಕಾಯೋದು.
ಆವಾಗಲೇ ಹುಡುಗರಿಗೆ ಬೀಜದುಂಡಿ ಶಿಬಿರ.
ಮಣ್ಣು, ಸೆಗಣಿ ಕಲಿಸಿದ್ದರು, ಬೀಜ ಕಡಿಮಿ ಬಿದ್ದವು.
ಮೌನೇಶ ಎಲ್ಲಿಂದಲೋ ಒಂದು ಬೊಗಸಿ ತಂದ.
ಜಾಣ ಅಂದರು ಎಲ್ಲಾರೂ. ನಾನೂ ಅಂದೆ.

ಕಲಬುರಗಿಯಿಂದ ಸಾಹೇಬರು ಬಂದರು:
"ಹೋದ ಚಳಿಗಾಲ ಹೆಬ್ಬಾತು ಎಷ್ಟು?"
ರಿಜಿಸ್ಟರ್ ತೆಗದ್ರ ಒಳಗ ವರಲಿ.
ಚಳಿಗಾಲ ಪೂರ್ತಿ ತಿಂದು ಶ್ರಾವಣಕ್ಕ ಬಂದಿತ್ತು.
"ಡಬ್ಬಿ ಅದಲ್ರಿ" ಅಂತ ಓಡಿ ತಂದೆ.
ಅಲುಗಾಡಸಿದೆ.
ಸಪ್ಪಳಿಲ್ಲ.
ನಾಲ್ವತ್ಮೂರು ಬೀಜ ಇದ್ದವು ಸಾಹೇಬರ, ನಾಕುನೂರಾ ಮೂವತ್ತು ಹಕ್ಕಿ.
"ಬಾಯಿಲೆಕ್ಕ ನಡಿಯಂಗಿಲ್ಲಮ್ಮ."
ಹುಡುಗ ಗ್ವಾಡಿಗೆ ಅಂಟಕೊಂಡು ನಿಂತಿದ್ದ.
ಬೈಲಿಲ್ಲ. ಬೈಬೇಕಿತ್ತು.

ಆರಿದ್ರಾ ಹತ್ತಿ ಎಂಟು ದಿನಕ್ಕ
ಏರಿಮ್ಯಾಲ ನೆಲ ಅಲ್ಲಲ್ಲಿ ಉಬ್ಬಿ
ಹುಣಸಿ ಸಸಿ ಬೆನ್ನು ಬಗ್ಗಿಸಿ ಎದ್ದವು,
ಬೀಜದ ಟೋಪಿ ಇನ್ನೂ ತಲಿಮ್ಯಾಲೇ.
ಎಣಿಸಿದೆ. ಹದಿನೇಳು.
ನೂರಾ ಎಪ್ಪತ್ತು ಹೆಬ್ಬಾತು ಏರಿಮ್ಯಾಲ ನಿಂತಿದ್ದವು.
ನಾನು ನೋಡ್ತಿದ್ದಂಗೇ ಹಯ್ಯಾಳಪ್ಪನ ಆಡು ಬಂದು
ಒಂದೇ ಬಾಯಿಗೆ ಹತ್ತು ತಿಂತು.

"ಈ ಸಲ ಬೀಜ ಹುರದಿಡು ದ್ಯಾವಮ್ಮ,
ಮತ್ತ ಮೊಳಿಯೋದಿಲ್ಲ" ಅಂದರು ಮೇಡಂ.
ಹುರದ ಹುಣಸಿ ಬೀಜ ಹುಡುಗರು ಬಿಡ್ತಾರೇನ್ರಿ?
ಕಟಕಟ ತಿಂದು ಮುಗಸ್ತಾರ.
ಹಸೀವೇ ಇಟ್ಟೀನಿ.
ಡಬ್ಬಿ ಇರೋ ಜಾಗ ಮೌನೇಶಗ ಗೊತ್ತದ.